ಕೈಮುಗಿದ ಮನೆಗಳು: ಶಿರಕಾವಾ ಕಣಿವೆಯ ಮುಯ್ಯಾಳು ಬದುಕಿನ ಚರಿತ್ರೆ

ಬೆಟ್ಟದ ತಪ್ಪಲಿನಲ್ಲಿ ನಾಲ್ಕು ಎಕರೆ ಜಾಗ, ಮಣ್ಣು-ಮರದ ಮನೆ, ಸಮಾನ ಮನಸ್ಸಿನ ಹತ್ತು ಕುಟುಂಬಗಳು, ತಮ್ಮ ಅನ್ನ ತಾವೇ ಬೆಳೆದುಕೊಳ್ಳುವ ಬದುಕು. ಮುಂಬಯಿ, ಪುಣೆ, ಹೈದರಾಬಾದಿನಂಥ ಊರುಗಳಲ್ಲಿ ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ನನ್ನ ತಲೆಮಾರಿನ ಅನೇಕರಿಗೆ ಈ ಕನಸಿದೆ. ಶನಿವಾರದ ಹರಟೆಯಲ್ಲಿ ಇದರ ಮಾತು ಬಾರದೆ ಇರುವುದಿಲ್ಲ. ಕನಸು ಕಾಣುವುದರಲ್ಲಿ ತಪ್ಪೇನಿಲ್ಲ. ಆದರೆ ಇಂಥ ಬದುಕನ್ನು ಬೇರೆ ದಾರಿಯಿಲ್ಲದೆ ತಲೆಮಾರುಗಳ ಕಾಲ ಬದುಕಿದ ಊರುಗಳು ಜಗತ್ತಿನಲ್ಲಿವೆ. ಅಲ್ಲಿ ಮನೆಯನ್ನು ಯಾರು ಕಟ್ಟಿದರು, ಯಾರು ಕಾಪಾಡಿದರು, ಅದಕ್ಕೆ ಯಾರು ಬೆಲೆ ತೆತ್ತರು ಎಂದು ಕೇಳಿದರೆ ನಮ್ಮ ಕನಸಿಗೂ ಒಂದಿಷ್ಟು ತಿಳಿವು ಬಂದೀತು. ಅಂಥ ಒಂದು ಕಣಿವೆಯ ಚರಿತ್ರೆ ಇಲ್ಲಿದೆ.

ಹಿಮದ ಕಣಿವೆ

ಜಪಾನಿನ ಮುಖ್ಯ ದ್ವೀಪದ ನಡುಭಾಗದಲ್ಲಿ, 2,702 ಮೀಟರ್ ಎತ್ತರದ ಹಾಕುಸಾನ್ ಪರ್ವತದ ಪೂರ್ವಕ್ಕೆ, ಶೋ ಎಂಬ ನದಿ ಉತ್ತರಕ್ಕೆ ಹರಿಯುತ್ತದೆ. ಅದರ ಕಣಿವೆಯ ಮೇಲ್ಭಾಗದ ಊರುಗಳು ಶಿರಕಾವಾ-ಗೊ. ಇಂದಿನ ಗಿಫು ಪ್ರಾಂತಕ್ಕೆ ಸೇರಿವೆ. ಕೆಳಭಾಗದವು ಗೊಕಯಾಮಾ, ತೊಯಾಮಾ ಪ್ರಾಂತಕ್ಕೆ ಸೇರಿವೆ. ಚಳಿಗಾಲದಲ್ಲಿ ಇಲ್ಲಿ ಎರಡು ಮೀಟರಿಗೂ ಮೀರಿ ಹಿಮ ಕೂರುತ್ತದೆ. ರಸ್ತೆಗಳು ಬರುವ ಮೊದಲು ವರ್ಷದ ಹಲವು ತಿಂಗಳು ಹೊರಜಗತ್ತಿನ ಸಂಪರ್ಕವೇ ಇರುತ್ತಿರಲಿಲ್ಲ.

ಶಿರಕಾವಾ ಗ್ರಾಮದ ನೆಲದಲ್ಲಿ ನೂರಕ್ಕೆ ಸುಮಾರು 95 ಪಾಲು ಇಂದಿಗೂ ಕಾಡು. ಗದ್ದೆ ಮಾಡಲು ಸಿಗುತ್ತಿದ್ದುದು ನದಿಯಂಚಿನ ತುಣುಕು ನೆಲ ಮಾತ್ರ. ಹಾಗಾಗಿ ಜನ ಇಳಿಜಾರಿನ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುತ್ತಿದ್ದರು. ನಮ್ಮ ಪಶ್ಚಿಮಘಟ್ಟದಲ್ಲಿ ಕುಮರಿ ಬೇಸಾಯ ಎನ್ನುವುದು ಇದನ್ನೇ. ಬೆಳೆಯುತ್ತಿದ್ದುದು ನವಣೆ, ಊದಲಿನ ಜಾತಿಯ ಧಾನ್ಯ, ಹುರುಳಿಗೋಧಿ. ಅನ್ನ ಉಣ್ಣುವ ದೇಶದಲ್ಲಿ ಇವರಿಗೆ ಅನ್ನ ಹಬ್ಬದ ಊಟವಾಗಿತ್ತು. ಉಪ್ಪಂತೂ ಬೆಟ್ಟದಲ್ಲಿ ಹುಟ್ಟುವುದಿಲ್ಲ. ಕಡಲತೀರದಿಂದ ಬೆನ್ನಮೇಲೆ ಹೊತ್ತು ತರಬೇಕು. ಆ ಉಪ್ಪಿಗೆ, ಕಂದಾಯಕ್ಕೆ ಹಣ ಬೇಕು. ಹಣ ಹುಟ್ಟಿಸುವಂಥದ್ದೇನನ್ನಾದರೂ ಈ ಇಕ್ಕಟ್ಟಿನಲ್ಲೇ ಮಾಡಿಕೊಳ್ಳಬೇಕು. ಇಲ್ಲಿನ ಮನೆಯ ಆಕಾರ ಹುಟ್ಟಿದ್ದು ಈ ಒತ್ತಡದಿಂದ.

ಮೊಳೆಯಿಲ್ಲದ ಮಾಡು

ಈ ಮನೆಗಳಿಗೆ ‘ಗಸ್ಶೋ-ಝುಕುರಿ’ ಎಂದು ಹೆಸರು. ಗಸ್ಶೋ ಎಂದರೆ ಪ್ರಾರ್ಥನೆಗೆ ಜೋಡಿಸಿದ ಕೈಗಳು. ದೂರದಿಂದ ನೋಡಿದರೆ ಊರಿಗೆ ಊರೇ ಕೈಮುಗಿದು ನಿಂತಂತೆ ಕಾಣುತ್ತದೆ. 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದುದ್ದಕ್ಕೂ ಈ ಮಾದರಿ ಬೆಳೆದು ಗಟ್ಟಿಯಾಯಿತು.

ಮಾಡಿನ ಇಳಿಜಾರು 60 ಡಿಗ್ರಿಯ ಹತ್ತಿರ ಇರುತ್ತದೆ. ಅಷ್ಟು ಕಡಿದಾದರೆ ಹಿಮ ಹೆಚ್ಚು ಹೊತ್ತು ನಿಲ್ಲದೆ ಜಾರಿ ಬೀಳುತ್ತದೆ. ಜೋಡಿ ಓರೆಮರಗಳು ಮೇಲೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಅವುಗಳ ಬುಡವನ್ನು ಪೆನ್ಸಿಲ್ ತುದಿಯಂತೆ ಚೂಪು ಮಾಡಿ, ಕೆಳಗಿನ ತೊಲೆಯ ಗುಳಿಯಲ್ಲಿ ಕೂರಿಸುತ್ತಾರೆ, ಬಿಗಿಯಾಗಿ ಜಡಿಯುವುದಿಲ್ಲ. ಗಾಳಿ ನೂಕಿದರೆ, ಹಿಮ ಒಂದು ಕಡೆ ಹೆಚ್ಚಾಗಿ ಕೂತರೆ, ಮಾಡು ಕೊಂಚ ಓಲಾಡಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಇಂದಿನ ಎಂಜಿನಿಯರಿಂಗ್ ಭಾಷೆಯಲ್ಲಿ ಇದು ಕೀಲುಜೋಡಣೆ.

ಮಾಡಿನಲ್ಲಿ ಒಂದೂ ಕಬ್ಬಿಣದ ಮೊಳೆಯಿಲ್ಲ. ಹುಲ್ಲಿನ ಹಗ್ಗ, ಜೊತೆಗೆ ‘ನೆಸೊ’ ಎಂದು ಕರೆಯುವ ಎಳೆಯ ಕೊಂಬೆಗಳು ಮರಗಳನ್ನು ಹಿಡಿದಿಡುತ್ತವೆ. ಹಸಿಯಾಗಿದ್ದಾಗ ಜಜ್ಜಿ, ತಿರುಚಿ ಕಟ್ಟಿದ ಈ ಕೊಂಬೆಗಳು ಒಣಗುತ್ತಾ ಹೋದಂತೆ ಬಿಗಿಯಾಗುತ್ತವೆ. ಮೇಲೆ ಎರಡು-ಮೂರು ಅಡಿ ದಪ್ಪದ ಹುಲ್ಲಿನ ಹೊದಿಕೆ. ತೊಲೆಗಳ ಆಯ್ಕೆಯಲ್ಲೂ ಜಾಣ್ಮೆಯಿದೆ. ಇಳಿಜಾರಿನಲ್ಲಿ ಹಿಮದ ಭಾರಕ್ಕೆ ಬುಡ ಬಾಗಿ ಬೆಳೆದ ಮರಗಳನ್ನು ಹುಡುಕಿ ತಂದು, ಆ ಬಾಗನ್ನೇ ತೊಲೆಯ ಬಲವಾಗಿ ಬಳಸಿಕೊಂಡರು. ಒಗಿಮಾಚಿ ಎಂಬ ಊರಿನಲ್ಲಿ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನಿಂತಿವೆ. ಕಣಿವೆಯುದ್ದಕ್ಕೂ ಬೀಸುವ ಗಾಳಿಗೆ ಮನೆಯ ಕಿರಿದಾದ ಬದಿ ಸಿಗುತ್ತದೆ. ಮಾಡಿನ ಎರಡೂ ಇಳಿಜಾರುಗಳು ಪೂರ್ವ-ಪಶ್ಚಿಮಕ್ಕಿರುವುದರಿಂದ ಎರಡಕ್ಕೂ ಬಿಸಿಲು ಬಿದ್ದು ಹುಲ್ಲು ಒಣಗುತ್ತದೆ.

ಕೆಳಗಿನ ಅಂತಸ್ತಿನ ಕಂಬ-ತೊಲೆಗಳ ಕೆಲಸ ಬಡಗಿಗಳದ್ದು. ಈ ಹಿಡಾ ಸೀಮೆಯ ಬಡಗಿಗಳು ಹೆಸರಾಂತವರು. ಕಂದಾಯಕ್ಕೆ ಬದಲಾಗಿ ರಾಜಧಾನಿಗೆ ಬಡಗಿಗಳನ್ನೇ ಕಳಿಸುವ ನಿಯಮ 8ನೆಯ ಶತಮಾನದಲ್ಲೇ ಇಲ್ಲಿತ್ತು. ಆದರೆ ಮೇಲಿನ ಮಾಡನ್ನು ಕಟ್ಟುತ್ತಿದ್ದವರು ಬಡಗಿಗಳಲ್ಲ, ಊರವರು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಅಟ್ಟದಲ್ಲಿ ರೇಷ್ಮೆ, ನೆಲದಡಿ ಮದ್ದು

ಇಷ್ಟು ಎತ್ತರದ ಮಾಡಿನ ಒಳಗೆ ಎರಡು, ಮೂರು, ಕೆಲವೆಡೆ ನಾಲ್ಕು ಅಟ್ಟಗಳಿರುತ್ತವೆ. ಅವು ಮನುಷ್ಯರಿಗಲ್ಲ, ರೇಷ್ಮೆಹುಳುಗಳಿಗೆ. ಜನರ ವಾಸ ನೆಲಮಹಡಿಯಲ್ಲೇ. ಅಟ್ಟದ ನೆಲವನ್ನು ಹಲಗೆ ಮುಚ್ಚದೆ, ಸಂದು ಬಿಟ್ಟು ಹಾಸಿದ ಪಟ್ಟಿಗಳಿಂದ ಮಾಡಿರುತ್ತಾರೆ. ಕೆಳಗಿನ ಒಲೆಯ ಕಾವು ಮೇಲೇರಿ ಹುಳುಗಳನ್ನು ಬೆಚ್ಚಗಿಡುತ್ತದೆ. ಅದೇ ಹೊಗೆ ಹಗ್ಗ, ಮರ, ಹುಲ್ಲಿಗೆಲ್ಲ ಮಸಿ ಬಳಿದು ಹುಳ ಹಿಡಿಯದಂತೆ ಕಾಯುತ್ತದೆ. ನಮ್ಮ ಮಲೆನಾಡಿನ ಅಡುಗೆಮನೆಯ ಅಟ್ಟದ ಹೊಗೆಗೂ ಇಂಥದ್ದೇ ಕೆಲಸವಿತ್ತು ಎಂಬುದು ಹಿರಿಯರಿಗೆ ಗೊತ್ತು. ಒಂದೇ ಬೆಂಕಿ ಅಡುಗೆ ಮಾಡಿತು, ಮೈ ಕಾಯಿಸಿತು, ಹುಳು ಸಾಕಿತು, ಮನೆಯ ಆಯುಷ್ಯವನ್ನೂ ಹೆಚ್ಚಿಸಿತು.

ಗೊಕಯಾಮಾದಲ್ಲಿ ನೆಲದಡಿಯನ್ನೂ ಬಿಡಲಿಲ್ಲ. ಒಲೆಯ ಪಕ್ಕ ಆಳವಾದ ಗುಂಡಿ ತೋಡಿ ಮಣ್ಣು, ರೇಷ್ಮೆಹುಳುವಿನ ಹಿಕ್ಕೆ, ಕಾಡಿನ ಸೊಪ್ಪುಗಳನ್ನು ಪದರಪದರವಾಗಿ ತುಂಬುತ್ತಿದ್ದರು. ನಾಲ್ಕೈದು ವರ್ಷ ಆಗಾಗ ತಿರುವಿ ಹಾಕುತ್ತಾ ಕೊಳೆಸಿದ ಮೇಲೆ ಆ ಮಣ್ಣನ್ನು ನೀರಿನಲ್ಲಿ ಸೋಸಿ, ಕುದಿಸಿ, ಪೆಟ್ಲುಪ್ಪು ತೆಗೆಯುತ್ತಿದ್ದರು. ಕೋವಿಮದ್ದಿಗೆ ಬೇಕಾದ ಮುಖ್ಯ ವಸ್ತು ಅದು. ಗೊಕಯಾಮಾವನ್ನು ಆಳುತ್ತಿದ್ದ ಕಾಗಾ ಸಂಸ್ಥಾನ ಅದನ್ನು ಕೊಳ್ಳುತ್ತಿತ್ತು. ದಾರಿಯಿಲ್ಲದ, ಕಣ್ಣಿಗೆ ಬೀಳದ ಈ ಕಣಿವೆ ಇಂಥ ವಸ್ತುವಿಗೆ ಹೇಳಿ ಮಾಡಿಸಿದಂತಿತ್ತು. ಹೀಗೆ ಹುಳುವಿನ ಹಿಕ್ಕೆಯೂ ಹಣವಾಯಿತು. ಮುಂದೆ ಹೊರದೇಶದ ಅಗ್ಗದ ಪೆಟ್ಲುಪ್ಪು ಬಂದಾಗ ಈ ಕಸುಬು ನಿಂತಿತು.

ರೇಷ್ಮೆಯದು ಇನ್ನೂ ದೊಡ್ಡ ಕಥೆ. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದ ಮೇಲೆ ಕಚ್ಚಾ ರೇಷ್ಮೆ ಜಪಾನಿನ ಮುಖ್ಯ ರಫ್ತಾಯಿತು. ಅದರ ಎಳೆ ನಮ್ಮ ನಾಡಿಗೂ ಚಾಚಿದೆ. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿ ವಿಧಾನದ ರೇಷ್ಮೆ ಕೃಷಿಯನ್ನು ಮೈಸೂರು ಸೀಮೆಗೆ ತರಲು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ, ಜಪಾನಿ ತಜ್ಞರನ್ನು ಕರೆಸಿದರು. ಬಸವನಗುಡಿಯ ಆಸುಪಾಸಿನ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಅದರ ಗುರುತು.

ಯುಯಿ ಎಂಬ ಮುಯ್ಯಿ

ಹುಲ್ಲಿನ ಮಾಡು ಮೂವತ್ತು-ನಲವತ್ತು ವರ್ಷ ಬಾಳುತ್ತದೆ. ಆಮೇಲೆ ಹಳೆಯದನ್ನು ಕಿತ್ತು ಹೊಸದು ಹೊದಿಸಲೇಬೇಕು. ತಡಮಾಡಿದರೆ ಒಂದು ಮಳೆಗಾಲ ಸಾಕು, ಒಳಗಿನ ಮರ ಕೊಳೆಯಲು. ದೊಡ್ಡ ಮನೆಯ ಕೆಲಸಕ್ಕೆ ನೂರು, ಇನ್ನೂರು ಜನ ಬೇಕು. ಅಷ್ಟು ಕೂಲಿ ಕೊಡಲು ಬೆಟ್ಟದ ರೈತನ ಬಳಿ ಹಣವೆಲ್ಲಿಯದು?

ಇದಕ್ಕೆ ಅವರು ಕಂಡುಕೊಂಡ ದಾರಿಯ ಹೆಸರು ‘ಯುಯಿ’. ಕಟ್ಟುವುದು, ಬಿಗಿಯುವುದು ಎಂಬ ಅರ್ಥದಿಂದ ಬಂದ ಮಾತು. ಇವತ್ತು ನಿನ್ನ ಮಾಡಿಗೆ ನಾನು, ಮುಂದೆ ನನ್ನ ಮಾಡಿಗೆ ನೀನು. ನಾಟಿ, ಕೊಯ್ಲಿನ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿದ್ದ ಮುಯ್ಯಾಳು ಪದ್ಧತಿಯೇ ಅದು. ಪ್ರತಿ ವರ್ಷ ಮಳೆಗೆ ಮೊದಲು ಸೋಗೆ ಹೊದಿಸಲು ಮಲೆನಾಡಿನಲ್ಲಿ ಅಕ್ಕಪಕ್ಕದವರು ಕೂಡುತ್ತಿದ್ದುದೂ ಹೀಗೆಯೇ. ಯುಯಿ, ಮುಯ್ಯಿ ಎಂಬ ಶಬ್ದಗಳ ಹೋಲಿಕೆ ಆಕಸ್ಮಿಕ. ಆದರೆ ಒಮ್ಮೆ ಕೇಳಿದರೆ ಕನ್ನಡಿಗರು ಮರೆಯಲಾರರು.

ಮುಯ್ಯಿ ಎಂದರೆ ಉಚಿತ ಸೇವೆಯಲ್ಲ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ನಮ್ಮಲ್ಲಿ ಬರೆದಿಟ್ಟುಕೊಳ್ಳುವಂತೆ, ಅಲ್ಲಿಯೂ ಯಾವ ಮನೆಯವರು ಎಷ್ಟು ಕಟ್ಟು ಹುಲ್ಲು ಕೊಟ್ಟರು, ಎಷ್ಟು ಆಳು ಕಳಿಸಿದರು ಎಂಬ ಲೆಕ್ಕ ಇಡುತ್ತಿದ್ದರು. ಸಾಲ ತೀರಿಸುವ ಸರದಿ ಅಪ್ಪನ ಕಾಲದಲ್ಲಿ ಬರದಿದ್ದರೆ ಮಗನ ಕಾಲದಲ್ಲಿ ಬರುತ್ತಿತ್ತು. ಹುಲ್ಲು ಕೊಯ್ಯಲು ಊರಿಗೆ ಹುಲ್ಲುಗಾವಲು ಬೇಕು. ಅದನ್ನು ಯಾರೂ ಉತ್ತು ಹೊಲ ಮಾಡಿಕೊಳ್ಳದಂತೆ ಕಟ್ಟುಪಾಡು ಬೇಕು. ಮಾಡಿನ ಮೇಲೆ ಹತ್ತುವವರು ಗಂಡಸರು; ಕೆಳಗೆ ನೂರಾರು ಜನರಿಗೆ ಅಡುಗೆ ಮಾಡಿ ಬಡಿಸುವವರು ಹೆಂಗಸರು. ಕಿತ್ತ ಹಳೆಯ ಹುಲ್ಲು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಒಂದು ಸತ್ಯ ಚೆನ್ನಾಗಿ ಗೊತ್ತು: ಹೊಸದನ್ನು ಕಟ್ಟುವವರಿಗೆ ಚಪ್ಪಾಳೆ ಸಿಗುತ್ತದೆ, ಕಟ್ಟಿದ್ದನ್ನು ವರ್ಷಾನುಗಟ್ಟಲೆ ಕೆಡದಂತೆ ನೋಡಿಕೊಳ್ಳುವವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಗಸ್ಶೋ ಮನೆ ಈ ಮಾತನ್ನು ತಿರುವಿಹಾಕಿತು. ಅಲ್ಲಿ ನಿರ್ವಹಣೆಯೇ ಊರಿನ ದೊಡ್ಡ ಹಬ್ಬ. ಕಲ್ಲಿನ ಕೋಟೆಯಂತೆ ನೂರಾರು ವರ್ಷ ಯಾರನ್ನೂ ಕೇಳದೆ ನಿಲ್ಲುವ ಮಾಡಾಗಿದ್ದರೆ ನೆರೆಯವರ ಹಂಗು ಬೇಕಿರಲಿಲ್ಲ. ಒಂದು ತಲೆಮಾರಿಗೆ ಒಮ್ಮೆ ಕೆಡುವ ಮಾಡು ಊರನ್ನು ತಲೆಮಾರಿಗೊಮ್ಮೆ ಮತ್ತೆ ಕಟ್ಟಿತು.

ಮಾಡಿನ ಕೆಳಗಿನ ಹೆಣ್ಣು

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ. ಆದರೆ ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಮನೆಯ ಒಳಗಿನ ಮಾತನ್ನು ಬಿಡಲಾಗದು.

ಶಿರಕಾವಾದ ನಾಕಾಗಿರಿ ಎಂಬ ಭಾಗದಲ್ಲಿ ಒಂದೊಂದು ಮನೆಯಲ್ಲಿ ಮೂವತ್ತು, ನಲವತ್ತು ಜನ ಇರುತ್ತಿದ್ದರು. ಇರುವ ತುಣುಕು ನೆಲವನ್ನು ಪಾಲು ಮಾಡಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ರೇಷ್ಮೆ ಕೆಲಸಕ್ಕೆ ಕೈಗಳಂತೂ ಬೇಕು. ಹಾಗಾಗಿ ಅಲ್ಲಿ ಕಠಿಣ ನಿಯಮವೊಂದು ಬೆಳೆಯಿತು. ವಿಧಿವತ್ತಾಗಿ ಮದುವೆಯಾಗಿ ಹೆಂಡತಿಯನ್ನು ಮನೆಗೆ ತರುವ ಹಕ್ಕು ಹಿರಿಯ ಮಗನಿಗೆ ಮಾತ್ರ. ಉಳಿದ ಗಂಡುಮಕ್ಕಳು, ಹೆಣ್ಣುಮಕ್ಕಳು ಸಾಯುವ ತನಕ ಹುಟ್ಟಿದ ಮನೆಯಲ್ಲೇ ದುಡಿಯಬೇಕು. ಕಿರಿಯ ಗಂಡುಮಕ್ಕಳು ರಾತ್ರಿ ತಮ್ಮ ಸಂಗಾತಿಯ ಮನೆಗೆ ಹೋಗಿ ಬೆಳಿಗ್ಗೆ ಕೆಲಸಕ್ಕೆ ಮರಳುತ್ತಿದ್ದರು. ಹುಟ್ಟಿದ ಮಕ್ಕಳು ತಾಯಿಯ ಮನೆಯಲ್ಲೇ ಬೆಳೆದು, ಆ ಮನೆಯ ದುಡಿಮೆಗೇ ಸೇರುತ್ತಿದ್ದರು. ಮನೆಯ ಹೆಂಗಸರಿಗೆಲ್ಲ ಮಲಗಲು ಒಂದೇ ಕೋಣೆ.

ಕರಾವಳಿಯವರಿಗೆ ಇದನ್ನು ಓದಿ ಅಳಿಯಸಂತಾನ ಕಟ್ಟು ನೆನಪಾಗಬಹುದು. ಎರಡರಲ್ಲೂ ಮಕ್ಕಳು ತಾಯಿಯ ಮನೆಗೆ ಸೇರಿದವರು. ಆದರೆ ಅಳಿಯಸಂತಾನದಲ್ಲಿ ಆಸ್ತಿಯ ಹಕ್ಕು ಹೆಣ್ಣಿನ ಮೂಲಕ ಹರಿಯುತ್ತದೆ. ಶಿರಕಾವಾದಲ್ಲಿ ಮನೆ, ನೆಲ, ಯಜಮಾನಿಕೆ ಎಲ್ಲವೂ ಹಿರಿಯ ಮಗನಿಗೇ. ತವರನ್ನು ಬಿಡಬೇಕಾಗಲಿಲ್ಲ, ಅತ್ತೆಯ ಕಾಟವಿರಲಿಲ್ಲ, ಮಕ್ಕಳು ಕಣ್ಣೆದುರಿಗೇ ಇದ್ದರು ಎಂಬುದು ಆ ಹೆಂಗಸರಿಗೆ ಸಿಕ್ಕ ಸಮಾಧಾನ. ತನ್ನದೆಂಬ ಸಂಸಾರ, ತನ್ನದೆಂಬ ಒಲೆ ಇಲ್ಲದೆ ಇಡೀ ಬದುಕು ಅಣ್ಣನ ಮನೆಯ ಆಳಾಗಿ ಕಳೆದದ್ದು ತೆತ್ತ ಬೆಲೆ.

ರೇಷ್ಮೆ ಹುಳುವಿನ ಕೆಲಸ ಎಂಥದ್ದೆಂದು ರಾಮನಗರ, ಕೋಲಾರದ ಕಡೆಯವರಿಗೆ ಹೇಳಬೇಕಿಲ್ಲ. ಹುಳು ಹಣ್ಣಾಗುವ ದಿನಗಳಲ್ಲಿ ಹಗಲಿರುಳು ಸೊಪ್ಪು ಹಾಕುತ್ತಿರಬೇಕು. ಆ ಕಡಿದಾದ ಏಣಿಗಳನ್ನು ಸೊಪ್ಪಿನ ಬುಟ್ಟಿ ಹೊತ್ತು ಹತ್ತಿದ ಕಾಲುಗಳಲ್ಲಿ ಹೆಚ್ಚಿನವು ಹೆಂಗಸರವು. ಗೂಡಿನಿಂದ ನೂಲು ತೆಗೆದವರೂ ಅವರೇ.

ಕಾಲ ಬದಲಾದಾಗ ಮೊದಲು ಮನೆಬಿಟ್ಟವರಲ್ಲೂ ಹುಡುಗಿಯರು ಸೇರಿದ್ದರು. ಮೇಜಿ ಕಾಲದಲ್ಲಿ, ಅಂದರೆ 1868ರ ನಂತರ, ನಾಗಾನೊ ಸೀಮೆಯ ಒಕಾಯಾದಲ್ಲಿ ರೇಷ್ಮೆ ನೂಲಿನ ಕಾರ್ಖಾನೆಗಳು ಎದ್ದವು. ಹಿಡಾ ಸೀಮೆಯ ಬಡ ಮನೆಗಳ ಹುಡುಗಿಯರು 1,672 ಮೀಟರ್ ಎತ್ತರದ ನೊಮುಗಿ ಕಣಿವೆದಾರಿಯನ್ನು ಹಿಮದಲ್ಲಿ ನಡೆದು ದಾಟಿ ಅಲ್ಲಿಗೆ ದುಡಿಯಲು ಹೋದರು. 1909ರ ನವೆಂಬರಿನಲ್ಲಿ ಕಾರ್ಖಾನೆಯಲ್ಲಿ ಕಾಯಿಲೆ ಬಿದ್ದ ಮಾಸಾಯಿ ಮಿನೆ ಎಂಬ ತರುಣಿಯನ್ನು ಆಕೆಯ ಅಣ್ಣ ಬೆನ್ನಮೇಲೆ ಹೊತ್ತು ಊರಿಗೆ ಹೊರಟ. ಹುಟ್ಟೂರಿನ ಸೀಮೆ ಕಾಣುವ ಆ ಕಣಿವೆದಾರಿಯ ನೆತ್ತಿಯಲ್ಲೇ ಆಕೆ ಕೊನೆಯುಸಿರೆಳೆದಳು. ಲೇಖಕ ಯಾಮಾಮೊತೊ ಶಿಗೆಮಿ ಈ ಹುಡುಗಿಯರಲ್ಲಿ ಬದುಕುಳಿದವರನ್ನು ಹುಡುಕಿ ಮಾತನಾಡಿಸಿ, 1968ರಲ್ಲಿ ಪುಸ್ತಕ ಬರೆದ ಮೇಲೆಯೇ ಅವರ ಕಥೆ ದೇಶಕ್ಕೆ ತಿಳಿದದ್ದು. ಬೆಟ್ಟದ ಮನೆಯ ಸ್ವಾವಲಂಬನೆಯ ಲೆಕ್ಕಪುಸ್ತಕದಲ್ಲಿ ಈ ಹೆಸರುಗಳೂ ಇರಬೇಕು.

ಅಣೆಕಟ್ಟು ಮತ್ತು ಮೂರು ಮಾತು

1935ರಲ್ಲಿ ಬ್ರೂನೊ ಟೌಟ್ ಎಂಬ ಜರ್ಮನ್ ವಾಸ್ತುಶಿಲ್ಪಿ ಶಿರಕಾವಾಕ್ಕೆ ಬಂದ. ಹಿಟ್ಲರನ ಜರ್ಮನಿಯನ್ನು ತೊರೆದು ಜಪಾನಿನಲ್ಲಿ ನೆಲೆಸಿದ್ದ ಆತ ಈ ಮಾಡುಗಳ ರಚನೆಯ ತರ್ಕಶುದ್ಧತೆಯನ್ನು ಮನಸಾರೆ ಮೆಚ್ಚಿ ಬರೆದ. ಹೊರಜಗತ್ತಿಗೆ ಈ ಮನೆಗಳ ಪರಿಚಯವಾಯಿತು. ಆದರೆ ಹೊಗಳಿಕೆಯಿಂದ ಮಾಡಿಗೆ ಹುಲ್ಲು ಬರುವುದಿಲ್ಲ.

ಯುದ್ಧದ ನಂತರ ಜಪಾನಿಗೆ ವಿದ್ಯುತ್ತಿನ ಹಸಿವು ಹೆಚ್ಚಿತು. ಶೋ ನದಿಗೆ ಅಡ್ಡಲಾಗಿ 131 ಮೀಟರ್ ಎತ್ತರದ ಮಿಬೊರೊ ಅಣೆಕಟ್ಟು 1961ರಲ್ಲಿ ಮುಗಿಯಿತು. ಹಲವು ಹಳ್ಳಿಗಳು ಮುಳುಗಿದವು. ಮುಳುಗಲಿದ್ದ ಎರಡು ದೇವಾಲಯಗಳ ಅಂಗಳದ ಹಳೆಯ ಚೆರ್ರಿ ಮರಗಳನ್ನು ವಿದ್ಯುತ್ ಸಂಸ್ಥೆಯ ಮೊದಲ ಅಧ್ಯಕ್ಷ ತಕಾಸಾಕಿ ತತ್ಸುನೊಸುಕೆ ಅವರ ಆಸೆಯಂತೆ 1960ರಲ್ಲಿ ಬೇರುಸಹಿತ ಎತ್ತಿ ಮೇಲೆ ನೆಟ್ಟರು. ಅವು ಇಂದಿಗೂ ಹೂಬಿಡುತ್ತವೆ. ಮರಗಳನ್ನು ಎತ್ತಿ ನೆಡಬಹುದು. ಮುಯ್ಯಿಯ ಲೆಕ್ಕವಿದ್ದ ಊರನ್ನು ಹಾಗೆ ಎತ್ತಿಡಲಾಗದು. ಪರಿಹಾರ ಪಡೆದವರು ಚದುರಿದರು. ಆ ವರ್ಷಗಳಲ್ಲಿ ಅನೇಕ ಗಸ್ಶೋ ಮನೆಗಳನ್ನು ನಗರದವರು ಕೊಂಡು, ಬಿಚ್ಚಿ ಒಯ್ದು ಹೋಟೆಲುಗಳಾಗಿಸಿದರು. 1967ರಲ್ಲಿ ಕಾಝುರಾ ಎಂಬ ಹಳ್ಳಿಯ ಜನ ಒಟ್ಟಾಗಿ ಊರು ಬಿಟ್ಟರು. ಜನ ಕಡಿಮೆಯಾದಂತೆ ಯುಯಿಗೆ ಕೈಗಳು ಸಾಲದಾದವು. ಯುಯಿ ಇಲ್ಲದೆ ಮಾಡು ನಿಲ್ಲದಾಯಿತು. ತಗಡಿನ ಮಾಡು ಅಗ್ಗವಾಗಿತ್ತು, ನೆರೆಯವರನ್ನು ಕರೆಯಬೇಕಿರಲಿಲ್ಲ.

ಆಗ ಒಗಿಮಾಚಿಯ ನಿವಾಸಿಗಳು 1971ರಲ್ಲಿ ಸಂಘ ಕಟ್ಟಿಕೊಂಡು ಮೂರು ಮಾತಿನ ನಿರ್ಧಾರ ಮಾಡಿದರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಸರ್ಕಾರದ ರಕ್ಷಣೆ ಬಂದದ್ದು ಆಮೇಲೆ, 1976ರಲ್ಲಿ. ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಒಗಿಮಾಚಿ, ಐನೊಕುರಾ, ಸುಗಾನುಮಾ ಎಂಬ ಮೂರು ಊರುಗಳು ಸೇರಿದ್ದು 1995ರಲ್ಲಿ. ಮೊದಲು ಊರವರ ಒಮ್ಮತ, ಆಮೇಲೆ ಕಾನೂನು, ಕೊನೆಗೆ ಕೀರ್ತಿ. ಈ ಅನುಕ್ರಮ ಗಮನಿಸಬೇಕಾದ್ದು.

2001ರಲ್ಲಿ ಒಗಿಮಾಚಿಯ ಒಂದು ದೊಡ್ಡ ಮನೆಯ ಮಾಡನ್ನು ಹಳೆಯ ಯುಯಿ ಕ್ರಮದಲ್ಲಿಯೇ ಹೊದಿಸಿದರು. ಊರವರು, ಹೊರಗಿನ ನೆರವಿನವರು ಸೇರಿ ಐನೂರಕ್ಕೂ ಹೆಚ್ಚು ಜನ ಕೂಡಿದ್ದರು. ಹುಲ್ಲಿನ ಮನೆಗೆ ಬೆಂಕಿಯೇ ದೊಡ್ಡ ಶತ್ರುವಾದ್ದರಿಂದ ಊರಿನ ತುಂಬ ನೀರಿನ ಪಿಚಕಾರಿಗಳಿವೆ. ಪ್ರತಿ ಶರತ್ಕಾಲದಲ್ಲಿ ಎಲ್ಲವನ್ನೂ ಒಟ್ಟಿಗೆ ಹಾರಿಸಿ ಪರೀಕ್ಷಿಸುತ್ತಾರೆ. ದಿನವೂ ಬೆಂಕಿಯ ಕಾವಲಿಗೆ ಮನೆಯವರು ಸರದಿಯ ಮೇಲೆ ಊರು ಸುತ್ತುವ ರೂಢಿಯೂ ಇದೆ.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಸುಮಾರು 1,500 ಜನರಿರುವ ಗ್ರಾಮಕ್ಕೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಅಟ್ಟದಲ್ಲಿ ಹುಳುವಿಲ್ಲ, ವಸ್ತುಸಂಗ್ರಹವೋ ಅಂಗಡಿಯೋ ಇದೆ. ಮಾಡು ಹೊದಿಸಲು ಸರ್ಕಾರದ ಅನುದಾನ ಬರುತ್ತದೆ, ಬಹಳಷ್ಟು ಕೆಲಸವನ್ನು ವೃತ್ತಿಯ ಕೆಲಸಗಾರರು ಮಾಡುತ್ತಾರೆ. ಸ್ವಾವಲಂಬಿ ಊರು ಇಂದು ನೋಡಲು ಬರುವವರನ್ನು ಅವಲಂಬಿಸಿದೆ. ಹಾಗೆಂದು ಅಲ್ಲಿನ ಹೆಣ್ಣುಮಕ್ಕಳಿಗೆ ಹಳೆಯ ಮನೆಯ ಕಟ್ಟಳೆ ಮರಳಿ ಬರಲಿ ಎಂದು ಯಾರೂ ಬಯಸಲಾರರು.

ನಮಗೇನು?

ಬೆಟ್ಟದಲ್ಲಿ ಒಟ್ಟಾಗಿ ಬದುಕುವ ಯೋಜನೆ ಹಾಕುವವರು ಸಾಮಾನ್ಯವಾಗಿ ಸೌರಫಲಕ, ಮಳೆನೀರು ಸಂಗ್ರಹ, ಮಣ್ಣಿನ ಇಟ್ಟಿಗೆಯ ಲೆಕ್ಕದಿಂದ ಶುರುಮಾಡುತ್ತಾರೆ. ಶಿರಕಾವಾ ಹೇಳುವಂತೆ ಅದು ಅರ್ಧ ಲೆಕ್ಕ. ಮೂವತ್ತು ವರ್ಷದ ನಂತರ ಮಾಡು ಹೊದಿಸುವವರು ಯಾರು, ಹುಲ್ಲುಗಾವಲನ್ನು ಕಾಯುವವರು ಯಾರು, ಇನ್ನೂರು ಜನರ ಅಡುಗೆ ಯಾರ ಪಾಲಿಗೆ, ಆಸ್ತಿಪತ್ರದಲ್ಲಿ ಯಾರ ಹೆಸರು ಎಂಬುದು ಉಳಿದರ್ಧ. ಮೊದಲರ್ಧವನ್ನು ಎಂಜಿನಿಯರು ಬಿಡಿಸಿಕೊಡಬಹುದು. ಎರಡನೆಯದನ್ನು ಒಟ್ಟಿಗೆ ಬದುಕುವವರೇ, ಹೆಂಗಸರನ್ನೂ ಸಮನಾಗಿ ಕೂರಿಸಿಕೊಂಡು, ಮೊದಲೇ ಬರೆದಿಟ್ಟುಕೊಳ್ಳಬೇಕು.

ಅದಕ್ಕಾಗಿ ಬೆಟ್ಟಕ್ಕೇ ಹೋಗಬೇಕಿಲ್ಲ. ಊರು ಬಿಟ್ಟು ಬಂದ ನಮ್ಮ ಹಿರಿಯರು ಪರಊರುಗಳಲ್ಲಿ ಕನ್ನಡ ಸಂಘಗಳನ್ನು ಕಟ್ಟಿದ್ದೂ ಒಂದು ಬಗೆಯ ಮುಯ್ಯಾಳಿನಿಂದಲೇ: ಒಬ್ಬರು ಜಾಗ ಹುಡುಕಿದರು, ಒಬ್ಬರು ಚಂದಾ ಎತ್ತಿದರು, ಇನ್ನೊಬ್ಬರು ರಾಜ್ಯೋತ್ಸವದ ದಿನ ನೂರು ಎಲೆಗೆ ಬಡಿಸಿದರು. ಆ ಮಾಡು ನಮ್ಮ ತಲೆಯ ಮೇಲಿದೆ. ಹುಲ್ಲು ಸವೆಯುತ್ತಿರುತ್ತದೆ, ಮರು ಹೊದಿಕೆಯ ಸರದಿ ಈಗ ನಮ್ಮ ತಲೆಮಾರಿನದು.